ಒಂಬತ್ತನೇ ಮನೆ ಬಿಟ್ಟಿದ್ದಾರೆ

ಊರ ಹೊರಗಿನ ಆ ಬಡಾವಣೆಯಲ್ಲಿ ಹನ್ನೆರಡು ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿಕೊಂಡು ಒಂದೇ ಮಾಡಿನ ಕೆಳಗೆ ನಿಂತಿದ್ದವು. ಗೇಟು, ಮೆಟ್ಟಿಲು, ಕಿಟಕಿಯ ಹಸಿರು ಬಣ್ಣ ಎಲ್ಲ ಒಂದೇ ಅಚ್ಚು. ಕುಡಿದು ಬಂದವನು ಯಾರ ಮನೆಗೆ ನುಗ್ಗಿದರೂ ಬೈಯುವ ಹಾಗಿರಲಿಲ್ಲ. ಮಾಡಿನ ಮರಕ್ಕೆ ಗೆದ್ದಲು ಹಿಡಿದಿತ್ತು. ಅದಕ್ಕೇ ಹೊಗೆಯಣ್ಣನನ್ನು ಕರೆಸಿದ್ದರು.

ಹೊಗೆಯಣ್ಣನದು ಮನೆ ಮುಚ್ಚಿ ಗ್ಯಾಸ್ ಹಾಕಿ ಗೆದ್ದಲು ಕೊಲ್ಲುವ ಕಸುಬು. ಹೆಂಡತಿಯೇ ಜೊತೆಗಾತಿ, ಅವನು ಕೊಳವೆ ಜೋಡಿಸಿದರೆ ಅವಳು ಬಾಗಿಲು ಕಿಟಕಿಯ ಸಂದಿಗೆ ಟೇಪ್ ಅಂಟಿಸುವಳು. ಹನ್ನೆರಡೂ ಮನೆ ಖಾಲಿ ಇರಬೇಕೆಂದು ಬಡಾವಣೆಯ ನಿವಾಸಿಗಳ ಸಂಘದವರಿಗೆ ಮೊದಲೇ ಹೇಳಿದ್ದ. ಆದರೂ ಬೆಳಗ್ಗೆ ಹನ್ನೊಂದು ಮನೆ ಹೊಕ್ಕು ಮಂಚದ ಕೆಳಗೂ ಬಗ್ಗಿ ನೋಡಿದ. ಒಂಬತ್ತನೇ ಮನೆಯ ಬಾಗಿಲಿಗೆ ಮಾತ್ರ ಬೀಗ, ಒಳಗಿಂದಲೂ ಹೊರಗಿಂದಲೂ ಹಾಕುವಂಥದು. ತಿಂಡಿಗೆ ಹೋಗಿದ್ದ ವಾಚ್‌ಮನ್‌ಗೆ ಫೋನ್ ಮಾಡಿದ.

"ಒಂಬತ್ತನೇ ಮನೆ ಬಿಟ್ಟಿದ್ದಾರೆ ಅಣ್ಣ," ಎಂದ ವಾಚ್‌ಮನ್, ಬಾಯಿ ತುಂಬ ತಿಂಡಿ ತುಂಬಿಕೊಂಡೇ.

"ಒಂದ್ಸಲ ತಟ್ಟಿ ನೋಡೋಣ್ರೀ," ಎಂದಳು ಹೆಂಡತಿ.

"ಬಿಟ್ಟು ಹೋದ ಮನೇಲಿ ಯಾರನ್ನ ಮಾತಾಡಿಸ್ತೀಯೇ? ಟೇಪ್ ಹಚ್ಚು, ಬಿಸಿಲೇರ್ತಿದೆ."

ಹತ್ತು ಗಂಟೆಗೆ ಗ್ಯಾಸ್ ತಿರುಗಿಸಿದ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮುಚ್ಚಿದ ಕಿಟಕಿಗಳ ಆ ಸಾಲು ನೋಡಿ ಅವನಿಗೆ ಯಾಕೋ ಎದೆ ಭಾರವೆನಿಸಿತು. ವಯಸ್ಸಾಯಿತು ಎಂದುಕೊಂಡು ಸುಮ್ಮನಾದ.

ಹನ್ನೆರಡಕ್ಕೆ ಟೇಪ್ ನೋಡಿಬರಲು ಹಿತ್ತಲಿಗೆ ಹೋದ ಹೆಂಡತಿ ಓಡಿ ಬಂದಳು. "ರೀ, ಒಂಬತ್ತರ ಹಿಂದೆ ಬಿಳಿ ಕೋಟು ಒಣಹಾಕಿದ್ದಾರೆ. ಇನ್ನೂ ಹಸಿ ಇದೆ!"

ಬಿಸಿಲೇರುತ್ತಿದೆಯೆಂದು ಹಿತ್ತಲಿನ ಆ ಕಿಟಕಿಗೆ ಟೇಪ್ ಹಚ್ಚಿದವನು ಅವನೇ. ಆ ಕೋಟಿನ ಕೆಳಗೇ ನುಸುಳಿ ಬಂದಿದ್ದ.

ತಿಂಡಿ ಮುಗಿಸಿ ಪೇಟೆಗೂ ಹೋಗಿದ್ದ ವಾಚ್‌ಮನ್ ಅಷ್ಟರಲ್ಲಿ ಬಂದ. ಟೇಪ್ ಕಂಡವನೇ ತಲೆ ಚಚ್ಚಿಕೊಂಡ. "ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸಿ ಮಲಗಿರ್ತಾರೆ, ಅದೊಂದಕ್ಕೆ ಗ್ಯಾಸ್ ಬೇಡ ಅಂತ ಸಂಘದವರು ಬಿಟ್ಟಿದ್ದಾರೆ ಅಂದ್ನಲ್ಲಣ್ಣ!"

ಹೊಗೆಯಣ್ಣ ಓಡಿಹೋಗಿ ಗ್ಯಾಸ್ ನಿಲ್ಲಿಸಿದ. ಮಾಸ್ಕ್ ಏರಿಸಿ, ಬೀಗ ಒಡೆದು, ಹಾಸಿಗೆಯಲ್ಲಿ ಮುದುಡಿ ಬಿದ್ದಿದ್ದವಳನ್ನು ಹೊತ್ತು ಹೊರತಂದ. ಅವಳಿಗೆ ವಾಂತಿಯಾಯಿತು. ಬದುಕಿದ್ದಾಳಲ್ಲ ಎಂದು ಅವನ ಹೆಂಡತಿ ಅಲ್ಲೇ ಕೂತು ಅತ್ತಳು. ಆಂಬುಲೆನ್ಸ್ ಬರುವಷ್ಟರಲ್ಲಿ ನರ್ಸು ಕಣ್ಣು ಬಿಟ್ಟು, ಹೊಗೆಯಣ್ಣನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನೀವು ಬರದಿದ್ರೆ ನನ್ನ ಕಥೆ ಮುಗೀತಿತ್ತು ಅಣ್ಣ."

ಆಂಬುಲೆನ್ಸಿನಲ್ಲಿ ಬಂದ ಡಾಕ್ಟರು ನಾಡಿ ನೋಡಿದರು. "ಪರವಾಗಿಲ್ಲ ಅನ್ಸುತ್ತೆ. ಒಳಗೆ ಎಷ್ಟು ಹೊತ್ತಿದ್ರು?"

"ಐದೇ ನಿಮಿಷ ಸಾರ್," ಎಂದರು ಸುದ್ದಿ ಕೇಳಿ ಓಡಿಬಂದಿದ್ದ ಸಂಘದ ಕಾರ್ಯದರ್ಶಿ, ಹೊಗೆಯಣ್ಣನ ಭುಜ ಅದುಮುತ್ತ.

ಐದು ನಿಮಿಷವೆಂದರೆ ಆಸ್ಪತ್ರೆಯವರು ಅವಳನ್ನು ಸಂಜೆಯೇ ಮನೆಗೆ ಕಳಿಸುತ್ತಾರೆ. ಈ ಗ್ಯಾಸ್ ಕುಡಿದವರು ಇವತ್ತು ಮಾತಾಡುತ್ತಾರೆ, ನಾಳೆ ಎದೆಯಲ್ಲಿ ನೀರು ತುಂಬುತ್ತದೆ. ಅದು ಹೊಗೆಯಣ್ಣನಿಗೆ ಚೆನ್ನಾಗಿ ಗೊತ್ತು. ಬಾಯಿ ತೆರೆದರೆ ಜೈಲು.

"ಸುಳ್ಳು," ಎಂದ ಹೊಗೆಯಣ್ಣ. "ಎರಡು ಗಂಟೆ. ಗ್ಯಾಸ್ ಹಾಕಿದ್ದು ನಾನೇ."

ನರ್ಸು ಅವನ ಮುಖವನ್ನೇ ನೋಡಿದಳು. ನಂತರ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನರ್ಸಲ್ಲವೇ; ಎರಡು ಗಂಟೆ ಎಂದರೆ ಏನೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.