ಗಾಜಿನ ನಡುವಿನ ಹಾಳೆ

ಬೆಣ್ಣೆ ಹಳಸಿದಂಥ ವಾಸನೆ, ಹಾಳೆ ಕರಗತೊಡಗಿತು, ಇನ್ನು ಸ್ವಲ್ಪ ಹೊತ್ತಿಗೆ ಕೆನೆಯಂತೆ ಅಚ್ಚಿನೊಳಕ್ಕೆ ಇಳಿಯುತ್ತದೆ, ಈ ಕಡೆಯಿಂದ ಬೋಳು ನೂಲು ಒಳಕ್ಕೆ ಹೋಗಿ ಆ ಕಡೆಯಿಂದ ಕವಚ ತೊಟ್ಟು ಮಿರಿಮಿರಿ ಹೊಳೆಯುತ್ತ ಬರುತ್ತದೆ, ಚೀಲಕ್ಕೆ, ಕುರ್ಚಿ ಬಟ್ಟೆಗೆ, ಇನ್ನೆಲ್ಲಿಗೋ — ಯಾರದೋ ಕಾರಿನ ಮುಂಗಾಜಿನಲ್ಲಿ ಎರಡು ಗಾಜಿನ ನಡುವೆ ಕೂತಿದ್ದ ಹಾಳೆ ಇದು, ಗಾಜು ಪುಡಿಯಾದರೂ ಚೂರುಗಳನ್ನು ಬಿಡದೆ ಹಿಡಿದುಕೊಂಡದ್ದು, ಹಿಡಿದುಕೊಳ್ಳೋದೇ ಇದರ ಗುಣ ಎಂದು ಮೇಲ್ವಿಚಾರಕ ಹೊಸಬರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ, ಹೌದು, ಅಂಟಿದರೆ ಬಿಡುವುದಿಲ್ಲ, ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು, ತೊಳೆದ ಹಾಳೆಯನ್ನು ದೀಪದ ಮುಂದೆ ಹಿಡಿದು ಉಳಿದ ಗಾಜಿನ ಕಣ ಹೆಕ್ಕುತ್ತಲೇ ಕೂದಲು ಬೆಳ್ಳಗಾಯಿತು. ಇವತ್ತು ಆ ಮೇಜಿನಿಂದ ಎಬ್ಬಿಸಿ ಇಲ್ಲಿ ನಿಲ್ಲಿಸಿದ್ದಾರೆ, ತಂಗಿಯ ಗಂಡ ನಿಲ್ಲುತ್ತಿದ್ದ ಯಂತ್ರದ ಮುಂದೆ, ಹಿಡಿಕೆಯ ಮೇಲೆ ಅವನ ಬೆರಳು ಸವೆಸಿದ ಗುರುತು ಹಾಗೇ ಇದೆ, ಅಚ್ಚಿಗೆ ಮಾತ್ರ ಹೊಸ ಮುಚ್ಚಳ, ತಪಾಸಣೆಯವರು ಬರುವ ಹಿಂದಿನ ದಿನ ಕೂಡಿಸಿದ್ದು, ಹಳದಿ ಬಣ್ಣ ಇನ್ನೂ ಕೈಗೆ ಹತ್ತುತ್ತದೆ.

ಮುಚ್ಚಳ ಮೊದಲೂ ಇತ್ತು, ಬೇಸಿಗೆಯಲ್ಲಿ ಫಿಟ್ಟರ್ ಬಿಚ್ಚಿ ಗೋದಾಮಿನ ಹಿಂದೆ ಎಸೆದದ್ದನ್ನು ಅವಳೇ ನೋಡಿದ್ದಳು, ಪಕ್ಕದಲ್ಲಿ ಮೇಲ್ವಿಚಾರಕ ನಿಂತು ಬೇಗ ಬೇಗ ಅನ್ನುತ್ತಿದ್ದ, ಹಾಳೆಯನ್ನು ಎರಡನೇ ಸಲ ತೊಳೆಯುವುದನ್ನು ಆಗಲೇ ನಿಲ್ಲಿಸಿಯಾಗಿತ್ತು, ಅವಳೊಬ್ಬಳ ಕಣ್ಣು ಎಷ್ಟು ಕಣ ಹಿಡಿದೀತು, ಕಣ ಹೋಗಿ ಅಚ್ಚಿನ ತೂತಿಗೆ ಅಡ್ಡ ಕೂರುವುದು, ಯಂತ್ರ ನಿಲ್ಲಿಸಿದರೆ ಒಳಗಿನದೆಲ್ಲ ಹೆಪ್ಪುಗಟ್ಟುತ್ತದೆ, ನಿಲ್ಲಿಸದೆ ಸೂಜಿಯಲ್ಲಿ ಚುಚ್ಚಿ ತೆಗಿ ಎಂದು ಮೇಲ್ವಿಚಾರಕನ ಅಪ್ಪಣೆ, ಮುಚ್ಚಳ ಇದ್ದರೆ ಕೈ ಹೋಗುವುದಿಲ್ಲವಲ್ಲ, ಅದಕ್ಕೇ ಬಿಚ್ಚಿಸಿದ್ದು — ತಂಗಿಯ ಗಂಡನೂ ತಮಾಷೆ ಮಾಡುತ್ತಿದ್ದ, ಅಕ್ಕಾ, ನಾನೀಗ ಯಂತ್ರಕ್ಕೆ ಹಲ್ಲಿನ ಡಾಕ್ಟರು. ಆ ದಿನ ಅವಳು ತಲೆ ಎತ್ತಿದ್ದೇಕೆ, ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದಿತ್ತು, ಅಷ್ಟೇ, ಎತ್ತಿದ್ದಕ್ಕೆ ಕಂಡಿತು, ಸೂಜಿ ಚುಚ್ಚಿದ, ತಡೆದು ನಿಂತಿದ್ದ ಕಾದ ರಸ ಒಮ್ಮೆಲೇ ನುಗ್ಗಿತು, ಬಲಗೈ ಮಣಿಕಟ್ಟಿನವರೆಗೆ ಮುಚ್ಚಿಹೋಯಿತು, ಅವನು ಕೈಯನ್ನು ಮುಖದ ಮುಂದೆ ಹಿಡಿದು ನೋಡಿದ, ಆಮೇಲೆ ಅವಳ ಕಡೆ ತಿರುಗಿ, ದಾರ ಹರೀತಾ ಅಕ್ಕಾ, ಅಂದ.

ಈಗ ಈ ದಾರವೂ ಹರಿಯಬಾರದು, ಎಳೆತ ಸಡಿಲ, ಸ್ವಲ್ಪ ಬಿಗಿ ಮಾಡು, ಹಾಂ — ತಪಾಸಣೆಗೆ ಮೊದಲು ಮೇಲ್ವಿಚಾರಕ ಕರೆಸಿ ಬೈದಿದ್ದರೆ ಅವಳಿಗೂ ರೋಷ ಬರುತ್ತಿತ್ತು, ಬೈಯಲಿಲ್ಲ, ಕುರ್ಚಿ ಹಾಕಿ ಕೂರಿಸಿ ಮೆತ್ತಗೆ ಮಾತಾಡಿದ, ನೋಡಮ್ಮಾ, ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ, ನೋಡ್ಲಿಲ್ಲ ಅನ್ನು ಸಾಕು, ಮುಚ್ಚಳ ಅವನೇ ತೆಗೆದ ಅಂತ ನಾವು ಬರ್ಕೋತೀವಿ, ಇಲ್ದಿದ್ರೆ ಫ್ಯಾಕ್ಟರಿಗೆ ಬೀಗ ಬೀಳುತ್ತೆ, ಇಷ್ಟು ಜನ ಎಲ್ಲಿಗೆ ಹೋಗ್ಬೇಕು, ನಿನ್ನ ತಂಗೀನ ಪ್ಯಾಕಿಂಗ್‌ಗೆ ಹಾಕ್ಕೋತೀವಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ತಂಗಿ ಅವಳ ಸೆರಗು ಹಿಡಿದುಕೊಂಡಿದ್ದಳು, ಬೆರಳು ಉಳಿಸಲಾಗಲಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ, ಅಕ್ಕಾ, ತಪ್ಪು ನಮ್ಮನೆಯವರದೇ ಅಂತಾರೆ ಎಲ್ರೂ, ನೀನು ಕಣ್ಣಾರೆ ಕಂಡಿದ್ದೀಯಲ್ಲ, ಕಂಡಿದ್ದನ್ನ ಹೇಳು, ಬೇರೇನೂ ಬೇಡ. ಹೇಳುತ್ತೇನೆ ಎಂದಿದ್ದಳು. ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗಲೂ ಹೇಳುವವಳೇ, ಬಸ್ಸಿನಲ್ಲೂ ಹೇಳುವವಳೇ, ತಪಾಸಣೆಯ ಅಧಿಕಾರಿ, ಅವಳ ಮಗಳ ವಯಸ್ಸಿನ ಹುಡುಗಿ, ಏನ್ ನೋಡಿದ್ರಿ ಹೇಳಿ ಅಮ್ಮಾ, ಹೆದರ್ಬೇಡಿ, ಎಂದಳು, ಆ ಹುಡುಗಿಯ ಹೆಗಲ ಹಿಂದೆ ಪ್ಯಾಕಿಂಗ್‌ನ ಹೆಂಗಸರು ಸಾಲಾಗಿ ನಿಂತು ಇವಳ ಬಾಯನ್ನೇ ನೋಡುತ್ತಿದ್ದರು, ನೋಡ್ಲಿಲ್ಲ. ಯಾರ ದನಿ ಅದು. ನಾನು ಬಗ್ಗಿ ಕೆಲಸ ಮಾಡ್ತಿದ್ದೆ, ನೋಡ್ಲಿಲ್ಲ. ಎರಡನೆಯ ಸಲ ಎಷ್ಟು ಸಲೀಸಾಗಿ ಬಂತು. ಆ ಹುಡುಗಿ ಇನ್ನೇನಾದರೂ ಕೇಳಬಹುದಿತ್ತು, ಕೇಳದೆ ಹೊರಟುಹೋದಳು.

ಫೋನು ಸೊಂಟದಲ್ಲಿ ಗುಂಯ್‌ಗುಟ್ಟುತ್ತಿದೆ, ತಂಗಿ, ಎತ್ತಬೇಡ, ಎತ್ತಿದಳು, ಹೇಳ್ದೆಯಾ ಅಕ್ಕಾ, ಹೇಳಿದೆ, ಅದು ಸುಳ್ಳಲ್ಲ, ಏನೋ ಒಂದು ಹೇಳಿದ್ದು ನಿಜ, ಸದ್ಯ ಅಕ್ಕಾ, ನೀನಿದ್ದೀಯಲ್ಲ ಸಾಕು, ಇವರು ಎಚ್ಚರ ಆಗಿದ್ದಾರೆ, ಇವರಿಗೆ ನೀನೇ ಹೇಳು, ತಾಳು, ಆ ಕಡೆ ಏನೋ ಸರಿದಾಡುವ ಸದ್ದು, ಯಾರೋ ಫೋನನ್ನು ಅವನ ಕಿವಿಗೆ ಹಿಡಿಯುತ್ತಿದ್ದಾರೆ, ಎಡಗೈಗೆ ಸಲೈನ್ ಹಾಕಿದೆ, ತಾನೇ ಹಿಡಿದುಕೊಳ್ಳಲಾರ, ಉಸಿರು ಕೇಳಿಸುತ್ತಿದೆ, ಈಗ ಮಾತಾಡಬೇಕು, ಏನಾದರೂ, ಊಟ ಆಯಿತಾ ಅನ್ನು, ನೋವು ಕಡಿಮೆಯಾ ಅನ್ನು, ಕಣ್ಣ ಮುಂದೆ ನೂಲು ಓಡುತ್ತಿದೆ, ಬಿಳಿ, ನುಣುಪು, ಎಲ್ಲೂ ಸಂದಿಲ್ಲ, ನೂಲಲ್ಲ ಅದು, ಕೈ, ಮುಖದ ಮುಂದೆ ಎತ್ತಿ ಹಿಡಿದ ಕೈ, ಬೆರಳಿಗೆ ಬೆರಳು ಕೂಡಿಹೋಗಿ, ಉಗುರಿಲ್ಲದೆ, ಗೆರೆಯಿಲ್ಲದೆ, ದೀಪದ ಬೆಳಕಿನಲ್ಲಿ ಹೊಳೆಯುತ್ತ, ಆ ಕೈ —