ಬಾಟಲಿಯೊಳಗಿನ ಕರುಳು

ಬಸ್ಸುಗಳು ಇದ್ದಿಲು ತಿಂದು ಓಡುತ್ತಿದ್ದ ಕಾಲ ಅದು. ಎಲ್ಲೋ ಸಮುದ್ರದಾಚೆ ಯುದ್ಧ ನಡೆದಿತ್ತು, ಪೆಟ್ರೋಲೆಲ್ಲ ಅದರ ಪಾಲಾಗಿತ್ತು. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಬೆನ್ನಿಗೂ ಕಬ್ಬಿಣದ ಒಂದು ದೊಡ್ಡ ಒಲೆ ಕಟ್ಟಿದ್ದರು. ಅದರ ಹೊಟ್ಟೆಗೆ ಇದ್ದಿಲು ಸುರಿದು, ಬೆಂಕಿ ಹಾಕಿ, ಪಕ್ಕದ ಹಿಡಿಯನ್ನು ಗರಗರ ತಿರುಗಿಸಬೇಕು. ಕೆಂಡ ಕೆಂಪಾದ ಮೇಲೆ ಬಸ್ಸು ಕೆಮ್ಮುತ್ತಾ ಕೆಮ್ಮುತ್ತಾ ಎಚ್ಚರಾಗುವುದು. ಆ ಹಿಡಿ ತಿರುಗಿಸುವ ಕೆಲಸ ಗೋಣೆಪ್ಪನದು. ಊರ ಮಕ್ಕಳ ಕಣ್ಣಿಗೆ ಅವನು ಮಲಗಿದ ರಾಕ್ಷಸನನ್ನು ದಿನಾ ಎಬ್ಬಿಸುವ ಗಂಡುಗಲಿ.

ಆ ಗಂಡುಗಲಿಯ ತೊಡೆಸಂದಿಯಲ್ಲಿ ಬಹಳ ಕಾಲದಿಂದ ಒಂದು ಉಬ್ಬು ಇತ್ತು. ಮಲಗಿದರೆ ಒಳಗೆ ಹೋಗುವುದು, ಭಾರ ಎತ್ತಿದರೆ ಹೊರಗೆ ಬರುವುದು. ಹೇಳಿದರೆ ಎಲ್ಲಿ ಕೆಲಸ ಹೋಗುತ್ತದೋ ಎಂದು ಹೆಂಡತಿ ಕರಿಬಸಮ್ಮನಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಹಿಡಿ ತಿರುಗಿಸುವಾಗ ಉಬ್ಬು ಕಲ್ಲಿನಂತಾಯಿತು. ಒಳಗೂ ಹೋಗಲಿಲ್ಲ. ಹೊಟ್ಟೆ ಹಿಂಡಿ ವಾಂತಿಯಾಗಿ ಅಲ್ಲೇ ಕುಸಿದ. ಡ್ರೈವರ್ ಗಾದ್ರಪ್ಪ ಅದೇ ಬಸ್ಸಿನಲ್ಲಿ ಮಲಗಿಸಿಕೊಂಡು ಹೋಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ. ಸಿಕ್ಕಿಹಾಕಿಕೊಂಡು ಸತ್ತುಹೋಗಿದ್ದ ಗೇಣುದ್ದ ಕರುಳನ್ನು ಡಾಕ್ಟರು ಕತ್ತರಿಸಿ ತೆಗೆದರು, ಉಳಿದದ್ದನ್ನು ಕೂಡಿಸಿ ಹೊಲಿದರು. ಜೀವ ಉಳಿಯಿತು.

ಮನೆಗೆ ಬಂದ ಮೇಲೆ ಗೋಣೆಪ್ಪನಿಗೆ ಮೊದಲು ಕೇಳಿಸಿದ್ದು ಬಸ್ಸಿನ ಹಿಡಿಯ ಸದ್ದು. ಗರಗರ ಎನ್ನುತ್ತಿತ್ತು, ಆದರೆ ಅವನ ಕೈಯ ಗರಗರ ಅಲ್ಲ.

"ಯಾರೇ ಅದು ತಿರುವ್ತಿರೋದು?"

"ಚಿಕ್ಕಹನುಮಂತಪ್ಪ ಅಂತೆ. ಗಾದ್ರಣ್ಣನ ಹೆಂಡ್ತಿ ಕಡೆಯೋನು" ಅಂದಳು ಕರಿಬಸಮ್ಮ.

"ಹಂಗೇಳು! ನನ್ನ ಅಷ್ಟು ಆತುರದಾಗೆ ಆಸ್ಪತ್ರಿಗೆ ಯಾಕೆ ಹಾಕಿಬಂದ ಅಂತ ಈಗ ಗೊತ್ತಾತು."

"ಹಾಕಿಬರ್ದಿದ್ರೆ ಇವತ್ತು ಹಿಂಗೆ ಮಾತಾಡಾಕೆ ನೀವಿರ್ತಿದ್ರೇನ್ರಿ?"

"ಆತು ಬಿಡು. ನೀನೂ ಅವನ ಕಡೇನೇ."

ಇಷ್ಟು ಸಾಲದೆಂಬಂತೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ತಾಯಿ ಚೌಡಮ್ಮ ತಲೆ ಎತ್ತಿದಳು. "ಅದೆಲ್ಲ ಇರ್ಲಿ. ಕೊಯ್ದ ಕರುಳು ಎಲ್ಲೈತೆ?"

ಕರಿಬಸಮ್ಮ ಅಳುಕುತ್ತಲೇ, "ಆಯಾ ಒಬ್ಬಾಕಿ ಗಾಜಿನ ಬಾಟಲಿಯಾಗೆ ಹಾಕ್ಕಂಡು ಹೋದ್ಲು ಅತ್ತಿ, ನೋಡ್ದೆ" ಅಂದಳು.

"ಅಯ್ಯೋ ಪಾಪಿ! ಹೆರಿಗೆ ಕಸಾನೇ ಹೊಸ ಮಡಿಕ್ಯಾಗಿಟ್ಟು ಹಿತ್ತಲಾಗೆ ಹೂಳ್ತೀವಿ, ಮ್ಯಾಲೆ ಕಲ್ಲು ಹೇರ್ತೀವಿ. ಯಾಕೆ? ನಾಯಿ ಬಾಯಿಗೆ, ಕೆಟ್ಟೋರ ಕೈಗೆ ಬೀಳಬಾರದು ಅಂತ. ನನ್ನ ಮಗನ ಕರುಳನ್ನ ಕಂಡೋರ ಬಾಟಲಿಗೆ ತುಂಬಿ ಬಂದ್ಯಲ್ಲೇ!"

ಗೋಣೆಪ್ಪನಿಗೆ ಚಿಕ್ಕಂದಿನಲ್ಲಿ ಇದೇ ತಾಯಿಯ ತೊಡೆಯ ಮೇಲೆ ಮಲಗಿ ಕೇಳಿದ ಕಥೆ ನೆನಪಾಯಿತು. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಒಂದು ಗಿಳಿ, ಗಿಳಿಯೊಳಗೆ ರಾಕ್ಷಸನ ಜೀವ. ಗಿಳಿಯ ರೆಕ್ಕೆ ಮುರಿದರೆ ಇಲ್ಲಿ ರಾಕ್ಷಸನ ತೋಳು ಬೀಳುತ್ತಿತ್ತು. ಈಗ ತನ್ನ ಜೀವದ ಒಂದು ತುಂಡು ಯಾವುದೋ ಕಪಾಟಿನಲ್ಲಿ, ಯಾರದೋ ಕೈಗೆ ಸಿಗುವಂತೆ ಕೂತಿದೆ! ಅಂದಿನಿಂದ ಹೊಟ್ಟೆ ಗುಡುಗುಡು ಎಂದಾಗಲೆಲ್ಲ, ಅಲ್ಲಿ ಯಾರೋ ಬಾಟಲಿ ಅಲುಗಾಡಿಸಿದರು ಎಂದುಕೊಳ್ಳುತ್ತಿದ್ದ.

ಅನುಮಾನ ಹೊಕ್ಕ ಮನೆಯಲ್ಲಿ ಅನ್ನವೂ ವಿಷದಂತೆ ಕಾಣುತ್ತದೆ. ಆಸ್ಪತ್ರೆಯವರು ಹೇಳಿದ್ದಂತೆ ಕರಿಬಸಮ್ಮ ತೆಳ್ಳನೆ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಟ್ಟರೆ, "ದುಡಿಯಾಕಿಲ್ಲ ಅಂತ ನೀರು ಕುಡಿಸ್ತೀಯೇನು?" ಅನ್ನುವನು. ಕಾಯಿಸಿ ಆರಿಸಿದ ನೀರು ಕೊಟ್ಟರೆ ಮೂಸಿ ನೋಡುವನು. ಗಾದ್ರಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರೆ ಗೋಡೆಯ ಕಡೆ ಮಗ್ಗುಲಾದ.

"ಗೋಣ್ಯಾ, ಒಂದು ಮಾತು ಕೇಳಾಕೆ ಬಂದಿದ್ದೆ ಕಣೋ."

"ಸತ್ನೋ ಇಲ್ವೋ ನೋಡಾಕೆ ಬಂದೀಯ. ಇನ್ನೂ ಸತ್ತಿಲ್ಲ. ಹೋಗು."

ಗಾದ್ರಪ್ಪ ಹಣ್ಣನ್ನು ಹೊಸ್ತಿಲ ಬಳಿ ಇಟ್ಟು ಹೋದ. ಅದನ್ನು ಎಮ್ಮೆಗೆ ಹಾಕಿಸಿದ ಚೌಡಮ್ಮ ಸಂಜೆಯವರೆಗೂ ಎಮ್ಮೆಯ ಮುಖವನ್ನೇ ನೋಡುತ್ತಾ ಕೂತಳು. ಎಮ್ಮೆಗೆ ಏನೂ ಆಗಲಿಲ್ಲ.

ಗಾಯ ತೋರಿಸಲು ಮತ್ತೆ ಬರಬೇಕೆಂದು ಡಾಕ್ಟರು ಹೇಳಿದ್ದ ದಿನ ದಾಟಿಹೋಯಿತು. "ಉಳಿದ ಕರುಳನ್ನೂ ತೆಗೆಯಾಕೆ ಕರೀತಾರೆ" ಅಂದ ಗೋಣೆಪ್ಪ. ಚೌಡಮ್ಮ ಒಲೆಯ ಬೂದಿಗೆ ಅರಿಶಿನ ಕಲಸಿ ಹೊಲಿಗೆಯ ಮೇಲೆ ಮೆತ್ತಿದಳು. ಗಾಯ ಕೆಂಪಾಯಿತು, ಊದಿತು, ಮೈ ಬಿಸಿಯಾಯಿತು. ಅವನು ಅದನ್ನೂ ಬಚ್ಚಿಟ್ಟ. ಒಂದೇ ಹಟ ಅವನಿಗೆ. ಸಂತೆಯ ದಿನ ಊರವರ ಮುಂದೆ ಬಸ್ಸಿನ ಹಿಡಿ ತಿರುಗಿಸಿ, ತಾನಿನ್ನೂ ಗಟ್ಟಿ ಎಂದು ತೋರಿಸಿ, ಕೆಲಸವನ್ನು ಕಿತ್ತುಕೊಳ್ಳಬೇಕು.

ಸಂತೆಯ ಬೆಳಿಗ್ಗೆ ಅವನು ಪಂಚೆ ಬಿಗಿದು ಬಾಗಿಲು ದಾಟುವಾಗ ಎದುರಾದಳು ಪಕ್ಕದ ಮನೆಯ ಭೀಮಕ್ಕ. ಊರ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ನರ್ಸಮ್ಮ, ಮಾತಿನಲ್ಲಿ ಮೆಣಸಿನಕಾಯಿ.

"ಎಲ್ಲಿಗೋ ಮೆರವಣಿಗೆ?"

"ಹಿಡಿ ತಿರುವಾಕೆ."

ಭೀಮಕ್ಕ ಹಣೆ ಮುಟ್ಟಿದಳು. ಅಂಗಿ ಎತ್ತಿ ನೋಡಿದಳು. ಬೂದಿಯ ಕೆಳಗಿನಿಂದ ಕೀವಿನ ವಾಸನೆ ಬಂತು. ಅವಳ ಮುಖದ ನಗೆ ಮಾಯವಾಯಿತು. "ಈಗ ಹಿಡಿ ತಿರುವಿದ್ರೆ ಹೊಲಿಗೆ ಬಿಚ್ಚಿ ಕರುಳು ನಿನ್ನ ಕೈಗೇ ಬರ್ತೈತೆ. ಈಗ್ಲೇ ಶಿವಮೊಗ್ಗಕ್ಕೆ ನಡಿ."

"ಸತ್ರೂ ಬರಾಕಿಲ್ಲ. ನನ್ನ ಕರುಳನ್ನ ಬಾಟಲಿಗೆ ತುಂಬಿಟ್ಟವ್ರೆ."

ಒಳಗಿನಿಂದ ಚೌಡಮ್ಮನೂ ದನಿ ಕೂಡಿಸಿದಳು. "ಹೌದು! ಅದು ಸಿಗೋ ತನಕ ನನ್ನ ಮಗ ಚೇತರಿಸ್ಕಳ್ಳಲ್ಲ."

ಭೀಮಕ್ಕ ಸೆರಗು ಸಿಕ್ಕಿಸಿದಳು. "ಹಂಗಾದ್ರೆ ಕೇಳಿ ತಗಂಡೇ ಬರಾನ ನಡಿ. ನಿನ್ನ ಕರುಳು, ನಿನ್ನ ಹಕ್ಕು. ನಾನೇ ಕೇಳ್ತೀನಿ."

ಗೋಣೆಪ್ಪ ಬಿಗಿದ ಪಂಚೆ ಸಡಿಲಿಸಿದ. ಚೌಡಮ್ಮ ಹೊಸ ಮಡಿಕೆ ಹುಡುಕಿ ತಂದು ಮಗನ ಕೈಗಿಟ್ಟಳು.

ಹೋಗಬೇಕಾದ್ದು ಗಾದ್ರಪ್ಪನ ಬಸ್ಸಿನಲ್ಲೇ. ಗಾದ್ರಪ್ಪ ಮುಂದಿನ ಸೀಟಿಗೆ ಕಂಬಳಿ ಹಾಸಿಕೊಟ್ಟ. ಬಸ್ಸು ಊರು ದಾಟುವುದರೊಳಗೆ ಮುಗ್ಗರಿಸಿ ನಿಂತಿತು. ಹಿಂದೆ ಹೊಸ ಆಳು ಬೆವರು ಸುರಿಸುತ್ತಾ ಹಿಡಿ ತಿರುಗಿಸತೊಡಗಿದ. ಎದ್ದದ್ದು ಬರೀ ಹೊಗೆ.

ಗೋಣೆಪ್ಪ ಬಾಯಿ ಮುಚ್ಚಿಕೊಂಡಿರಬೇಕೆಂದಿದ್ದ. ಆಗಲಿಲ್ಲ. "ಇದ್ದಿಲು ಹಸಿ. ಪುಡೀನೂ ಐತೆ. ಎಷ್ಟು ತಿರುವಿದ್ರೂ ಅಷ್ಟೇ."

ಗಾದ್ರಪ್ಪ ತಿರುಗಿ ನೋಡಿದ. "ಅವತ್ತು ಇದನ್ನೇ ಹೇಳಾಕೆ ಬಂದಿದ್ದೆ ಕಣೋ ಗೋಣ್ಯಾ. ಇವನಿಗೆ ತೋಳೈತೆ, ಇದ್ದಿಲಿನ ಗುರುತಿಲ್ಲ. ಕೂತ್ಕಂಡು ಇದ್ದಿಲು ಆರಿಸಿ ಜರಡಿ ಹಿಡಿದು ಕೊಡ್ತೀಯೇನು ಅಂತ ಕೇಳಾಕೆ ಬಂದ್ರೆ ಗೋಡೆ ಕಡೆ ತಿರುಗ್ದೆ. ಹಿಡಿ ಕೆಲಸಕ್ಕೆ ಯಾರನ್ನೂ ಇಡಬ್ಯಾಡ್ರಿ, ಅವನು ಬರ್ತಾನೆ ಅಂತ ಬಸ್ಸಿನ ಧಣಿಗೆ ಅಂದೆ. ಬಸ್ಸು ಕಾಯಾಕಿಲ್ಲ ಅಂದ್ರು. ಅದು ನನ್ನ ಕೈಯಾಗೆ ಇರ್ಲಿಲ್ಲ."

ಗೋಣೆಪ್ಪ ಕಿಟಕಿಯ ಹೊರಗೆ ನೋಡಿದ. ಆ ಮಾತನ್ನೂ ಪೂರ್ತಿ ನಂಬಲು ಮನಸ್ಸು ಬರಲಿಲ್ಲ. ಆದರೆ ಕಂಬಳಿ ಮೆತ್ತಗಿತ್ತು.

ಪುಡಿ ತೆಗೆದು ಒಣ ಇದ್ದಿಲು ಹಾಕಿದ ಮೇಲೆ ಬಸ್ಸು ಕೆಮ್ಮುತ್ತಾ ಹೊರಟಿತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಗಾಯ ನೋಡಿದರು. ಬೂದಿ ತೊಳೆದು, ಕೀವು ತೆಗೆದು, ಹೊಸ ಪಟ್ಟಿ ಕಟ್ಟಿದರು. "ಇನ್ನು ಸ್ವಲ್ಪ ತಡವಾಗಿದ್ದರೆ ಕೀವು ಹೊಟ್ಟೆಯೊಳಕ್ಕೆ ಇಳೀತಿತ್ತು" ಎಂದರು. ಭೀಮಕ್ಕ ಕೊಟ್ಟ ಮಾತು ಮರೆಯಲಿಲ್ಲ. "ಸ್ವಾಮಿ, ಇವನ ಕರುಳು ಇವನಿಗೆ ತೋರಿಸ್ರಿ. ಅದಕ್ಕೇ ಬಂದಿರೋದು."

ಡಾಕ್ಟರು ನಗಲಿಲ್ಲ. ಕಪಾಟಿನಿಂದ ಗಾಜಿನ ಬಾಟಲಿ ತಂದು ಬೆಳಕಿಗೆ ಹಿಡಿದರು. "ಹೊಸ ಡಾಕ್ಟರುಗಳು ನೋಡಿ ಕಲೀಲಿ ಅಂತ ಇಟ್ಟಿದ್ವಿ. ಮೊದಲೇ ನಿನಗೆ ಹೇಳಬೇಕಿತ್ತು."

ಮದ್ದಿನ ನೀರಿನಲ್ಲಿ ಗೇಣುದ್ದದ ಒಂದು ತುಂಡು. ಗೋಣೆಪ್ಪ ಗಿಳಿಯಂಥದ್ದೇನೋ, ಮಿಡಿಯುವಂಥದ್ದೇನೋ ಇದ್ದೀತು ಎಂದುಕೊಂಡಿದ್ದ. ಅದು ಕರ್ರಗಿತ್ತು, ಸುಟ್ಟು ಆರಿದ ಇದ್ದಿಲಿನ ಹಾಗೆ. ಬೆಂಕಿ ಕಳೆದುಕೊಂಡ ಇದ್ದಿಲು ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ನನ್ನೊಳಗೆ ಇತ್ತಾ?"

"ಇತ್ತಪ್ಪ. ಇನ್ನೊಂದು ದಿನ ಇದ್ದಿದ್ರೆ ನೀನಿರ್ತಿರಲಿಲ್ಲ" ಎಂದರು ಡಾಕ್ಟರು. "ಬೇಕಾದ್ರೆ ಕೊಡ್ತೀನಿ, ತಗೊಂಡು ಹೋಗು."

ಗೋಣೆಪ್ಪ ಮಡಿಕೆಯನ್ನು ಬೆನ್ನ ಹಿಂದೆ ಸರಿಸಿದ.

ಕೆಲವು ದಿನ ಅಲ್ಲೇ ಇದ್ದು, ಜ್ವರ ಇಳಿದು, ಗಾಯ ಒಣಗಿದ ಮೇಲೆ ಅವನು ಊರಿಗೆ ಬಂದ. ಚೌಡಮ್ಮ ಹಿತ್ತಲಲ್ಲಿ ಗುಂಡಿ ತೋಡಿಸಿ ಕಾದಿದ್ದಳು. ಮಡಿಕೆಯೊಳಗೆ ಕೈಹಾಕಿ ನೋಡಿದಳು. "ಬರಿದೈತೆ! ತರ್ಲಿಲ್ವೇನೋ?"

"ಅಲ್ಲೇ ಬಿಟ್ಟು ಬಂದೆ ಕಣವ್ವಾ. ಅದು ನನ್ನ ಜೀವ ಅಂದ್ಕಂಡಿದ್ದೆ, ನೋಡಿದ್ರೆ ನನ್ನ ಸಾವು. ಸಾವನ್ನ ಯಾರಾದ್ರೂ ಹಿತ್ತಲಾಗೆ ಹೂಳ್ತಾರಾ?"

ಚೌಡಮ್ಮ ಆ ಗುಂಡಿಯಲ್ಲೊಂದು ನುಗ್ಗೆ ಕೊಂಬೆ ನೆಟ್ಟು, ಸೊಸೆಗೆ ಕೂಗಿ ಹೇಳಿದಳು: "ಕರಿಬಸೀ, ಗಂಜಿ ತೆಳ್ಳಗಿರ್ಲಿ. ಆಸ್ಪತ್ರಿಯೋರು ಹೇಳಿದಂಗೇ."

ಈಗ ಗೋಣೆಪ್ಪ ಬಸ್ಸಿನ ಷೆಡ್ಡಿನಲ್ಲಿ ಗೋಣಿ ಹಾಸಿ ಕೂತು ಇದ್ದಿಲು ಆರಿಸುತ್ತಾನೆ. ಕೂಲಿ ಮೊದಲಿಗಿಂತ ಕಡಿಮೆ, ಮೈಗೆ ಭಾರವಿಲ್ಲ. ಒಂದೊಂದು ತುಂಡನ್ನೂ ತಟ್ಟಿ ಸದ್ದು ಕೇಳುತ್ತಾನೆ. ಅನುಮಾನದ ಚಾಳಿ ಪೂರ್ತಿ ಬಿಟ್ಟಿಲ್ಲ. ಆದರೆ ಈಗ ಅದೆಲ್ಲ ಇದ್ದಿಲಿನ ಮೇಲೆ.

ಓದಿದ ಅಣ್ಣಂದಿರೇ, ಕೇಳಿದ ಅಕ್ಕಂದಿರೇ, ಇನ್ನು ನಿಮ್ಮ ಮನೆಯ ಮಾತು. ತೊಡೆಸಂದಿಯಲ್ಲೋ ಹೊಕ್ಕುಳ ಬಳಿಯೋ ಉಬ್ಬು ಕಂಡರೆ ನಾಚಿಕೆಗೂ ಕೆಲಸದ ಭಯಕ್ಕೂ ಬಚ್ಚಿಡಬೇಡಿ. ಅದು ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಆಪರೇಷನ್ ಆದವರು ಡಾಕ್ಟರು ಹೇಳುವ ತನಕ ಭಾರ ಎತ್ತಬೇಡಿ. ಅವರು ಹೇಳಿದ್ದನ್ನೇ ಉಣ್ಣಿ, ಮನೆಯೊಳಗೆ ನಿಧಾನವಾಗಿ ಓಡಾಡಿ, ಕೆಮ್ಮು ಬಂದರೆ ಗಾಯದ ಮೇಲೆ ಅಂಗೈ ಒತ್ತಿ ಹಿಡಿಯಿರಿ. ಗಾಯಕ್ಕೆ ಬೂದಿ, ಸೊಪ್ಪು ಏನೂ ಮೆತ್ತಬೇಡಿ. ಜ್ವರ, ಕೀವು, ವಾಂತಿ ಕಂಡರೆ, ಹೊಟ್ಟೆ ಉಬ್ಬಿ ಮಲ ಗಾಳಿ ನಿಂತರೆ, ಕರೆದ ದಿನಕ್ಕೆ ಕಾಯದೆ ಹೋಗಿ. ಕೆಲಸ ಹೋಗಿದ್ದರೆ ಗೋಡೆಯ ಕಡೆ ಮುಖ ಮಾಡಿ ಮಲಗಬೇಡಿ, ಕೂತು ಮಾಡುವ ಕೆಲಸ ಇದೆಯೇ ಎಂದು ಬಾಯಿಬಿಟ್ಟು ಕೇಳಿ.

ಅನುಮಾನ ಬಂದರೆ ಬರಲಿ, ತಪ್ಪಿಲ್ಲ. ಅದನ್ನು ಮನೆಯ ಮೂಲೆಯಲ್ಲಿ ಇಟ್ಟುಕೊಂಡು ಸಾಕಬೇಡಿ. ಗೋಣೆಪ್ಪನ ಹಾಗೆ ಅದನ್ನೂ ಬಸ್ಸು ಹತ್ತಿಸಿ ಆಸ್ಪತ್ರೆಗೇ ಕರೆದುಕೊಂಡು ಹೋಗಿ, "ತೋರಿಸ್ರಿ" ಎಂದು ಕೇಳಿ.