ಎರಡು ಪೆನ್ನಿನ ಚಾರ್ಟು

ಆರೋಗ್ಯ ಕೇಂದ್ರದ ಆ ದಾದಿಗೆ ಬೀದಿಯವರು ಇಟ್ಟ ಹೆಸರು ಸೂಜಿಯಮ್ಮ. ಅವಳು ತಿರುವಿನಲ್ಲಿ ಕಂಡರೆ ಸಾಕು, ಮಕ್ಕಳು ಮಂಚದಡಿ ಸೇರುತ್ತಿದ್ದವು, ದೊಡ್ಡವರು ಕುರ್ಚಿ ಎಳೆದು ಹಾಕುತ್ತಿದ್ದರು. ಹತ್ತೊಂಬತ್ತು ವರ್ಷ ಮನೆಮನೆ ತಿರುಗಿ ಚಪ್ಪಲಿ ಸವೆಸಿ ಗಳಿಸಿದ ಕುರ್ಚಿ ಅದು.

ಲಸಿಕೆ ಇಡುವ ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟು ಅಂಟಿಸಿರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗಿನ ಉಷ್ಣಮಾಪಕದ ಮುಳ್ಳು ನೋಡಿ ಎಷ್ಟು ಡಿಗ್ರಿ ಎಂದು ಬರೆಯಬೇಕು. ಎರಡಕ್ಕಿಂತ ಕೆಳಗೆ ಹೋಗಬಾರದು, ಎಂಟನ್ನು ದಾಟಬಾರದು. ರಜೆಯಿದ್ದರೂ ಬಂದು ಬರೆಯಲೇಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವಳು ಸೂಜಿಯಮ್ಮನೇ.

ಮೂರು ತಿಂಗಳ ಹಿಂದೆ ಒಟ್ಟಿಗೆ ಮೂರು ದಿನ ರಜೆ ಬಂತು. ಅಕ್ಕನ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ಶುಕ್ರವಾರ ಸಂಜೆ ಹೊರಡುವ ಮುಂಚೆ ಅವಳು ಬರಲಿರುವ ಮೂರು ದಿನದ ಆರು ಚೌಕಗಳನ್ನೂ ತುಂಬಿಬಿಟ್ಟಳು. ನಾಲ್ಕು, ಐದು, ನಾಲ್ಕು, ನಾಲ್ಕು, ಐದು, ನಾಲ್ಕು. ಎಲ್ಲವೂ ಒಂದೇ ಶಾಯಿಯಲ್ಲಿದ್ದರೆ ಯಾರಿಗಾದರೂ ಅನುಮಾನ ಬಂದೀತೆಂದು ಬೆಳಗಿನದ್ದನ್ನು ನೀಲಿ ಪೆನ್ನಿನಲ್ಲಿ, ಸಂಜೆಯದ್ದನ್ನು ಕಪ್ಪು ಪೆನ್ನಿನಲ್ಲಿ ಬರೆದಳು. ಕಳ್ಳ ಕೆಲಸದಲ್ಲೂ ಅಚ್ಚುಕಟ್ಟು ಬಿಡದ ಹೆಂಗಸು. ಸೆಖೆ ಜಾಸ್ತಿ, ತಂಪು ಹೆಚ್ಚಿಗೆ ಇರಲಿ ಎಂದು ಫ್ರಿಜ್ಜಿನ ತಿರುಗಣೆಯನ್ನೂ ಒಂದಿಷ್ಟು ತಿರುಗಿಸಿ ಹೋದಳು.

ಮರಳಿ ಬಂದಾಗ ಮುಳ್ಳು ಸೊನ್ನೆಗಿಂತ ಮೂರು ಕೆಳಗಿತ್ತು. ನಾಯಿಕೆಮ್ಮಿನ ಲಸಿಕೆ ಬಾಟಲಿಯೊಳಗೇ ಗಡ್ಡೆ ಕಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಆ ಲಸಿಕೆ ಕರಗಿದರೂ ಕೆಲಸಕ್ಕೆ ಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಬಿಸಾಡಬೇಕು. ಆದರೆ ಬಿಸಾಡಿದರೆ ಯಾಕೆಂದು ಬರೆದುಕೊಡಬೇಕು, ಬರೆದರೆ ಆ ಆರು ಚೌಕಗಳು ಬಾಯಿಬಿಡುತ್ತವೆ. ಮಾರನೆಯ ದಿನವೇ ಲಸಿಕೆ ಹಾಕುವ ದಿನ. ಅಷ್ಟರಲ್ಲಿ ಗಡ್ಡೆ ಕರಗಿ, ಬಾಟಲಿ ಎಂದಿನಂತೆಯೇ ಕಾಣುತ್ತಿತ್ತು. ಹದಿನೇಳು ಮಕ್ಕಳು ಬಂದವು. ಹದಿನೇಳಕ್ಕೂ ಚುಚ್ಚಿದಳು. ಒಂದೊಂದು ಕೂಸೂ ಕಿರುಚುತ್ತಿತ್ತು. ಆದರೂ ಅವಳ ಕೈ ಮಾತ್ರ ನಿಲ್ಲಲಿಲ್ಲ.

ಈಗ, ಮೂರು ತಿಂಗಳಾದ ಮೇಲೆ, ರೈಲು ಹಳಿಯ ಆಚೆ ನಾಲ್ಕು ಕೂಸುಗಳಿಗೆ ನಾಯಿಕೆಮ್ಮು ಬಂದಿತ್ತು. ಆರೋಗ್ಯಾಧಿಕಾರಿ ಎಲ್ಲ ದಾದಿಯರನ್ನೂ ಕಚೇರಿಗೆ ಕರೆಸಿದ್ದರು. ಲಸಿಕೆಯ ದಾಸ್ತಾನು ಕಡಿಮೆಯಿತ್ತು, ಹೊಸದು ಬರಲು ಇನ್ನೂ ಒಂದು ತಿಂಗಳು.

"ಒಂದೂವರೆ ತಿಂಗಳು ತುಂಬದ ಕೂಸಿಗೆ ನಾವು ಚುಚ್ಚೋಕಾಗಲ್ಲ," ಎಂದರು ಸಾಹೇಬರು. "ಸುತ್ತ ಇರೋ ಮಕ್ಕಳಿಗೆ ಚುಚ್ಚಿರ್ತೀವಲ್ಲ, ಅದೇ ಅದಕ್ಕೆ ಬೇಲಿ. ಎಲ್ಲಿ ಬೇಲಿ ಇಲ್ವೋ ಅಲ್ಲಿಗೆ ಔಷಧ ಮೊದಲು ಹೋಗ್ಲಿ. ಸೂಜಿಯಮ್ಮನ ಬೀದಿ ನೂರಕ್ಕೆ ನೂರು. ಅವರಿಗೆ ಇಟ್ಟಿರೋ ಇಪ್ಪತ್ತು ಡೋಸನ್ನೂ ಹಳಿ ಆಚೆಗೆ ಕಳಿಸೋಣ."

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ರೀತಿ. ಅವರು ಅವಳ ಹಳೆಯ ಚಾರ್ಟನ್ನು ಗೋಡೆಗೆ ಅಂಟಿಸಿ, ಕೋಲಿನಿಂದ ತೋರಿಸಿದರು. "ನೋಡಿ, ಮೂರು ದಿನ ಸಾಲಾಗಿ ರಜೆ. ಎರಡು ಹೊತ್ತೂ ಬಂದು ಓದಿದ್ದಾರೆ. ಕೆಲಸ ಅಂದ್ರೆ ಇದು."

ಕೋಲಿನ ತುದಿ ನೀಲಿ ಅಂಕಿಯ ಮೇಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತಲೇ ಸೂಜಿಯಮ್ಮ ಎದ್ದು ನಿಂತು ಕೈಮುಗಿದು ಕೂತಳು. ನಾಚಿಕೆಗೇಡು ಎಂದರೆ ಇದು ಎಂದು ಅವಳಿಗೆ ಆ ಕ್ಷಣವೇ ಗೊತ್ತಿತ್ತು.

ಹಿಂತಿರುಗುವ ದಾರಿಯಲ್ಲಿ ಬೀಗ ರಿಪೇರಿ ಮಾಡುವವನ ಅಂಗಡಿ. ಅಂಗಡಿಯೇನು, ಗೋಡೆಯಲ್ಲೊಂದು ಗೂಡು, ಮೂರು ಕಡೆಯೂ ನೇತಾಡುವ ಕೀಲಿಗಳು. ಬೀದಿಗೆಲ್ಲ ಅವನು ಬೀಗದಣ್ಣ. ಲಸಿಕೆ ಎಂದರೆ ಮೈಮೇಲೆ ಬರುತ್ತಿದ್ದ ಆಸಾಮಿ. ಅವನ ಮೊಮ್ಮಗಳಿಗೆ ಚುಚ್ಚಿಸಲು ಇವಳು ಒಂಬತ್ತು ಸಲ ಹೋಗಿ ಬೈಸಿಕೊಂಡಿದ್ದಳು. ಹತ್ತನೆಯ ಸಲ ಅವನೇ ಮಗುವನ್ನೆತ್ತಿಕೊಂಡು ಬಂದ. ಹದಿನೇಳರಲ್ಲಿ ಅದೂ ಒಂದು.

"ಬಾ ತಂಗಿ," ಎಂದು ಸ್ಟೂಲು ಸರಿಸಿದ. "ಹಳಿ ಆಚೆ ಏನೋ ಕೆಮ್ಮಂತೆ? ನಮಗೇನು ಬಿಡು. ನಮ್ಮನೇಲಿ ಹೊಸದಾಗಿ ಹುಟ್ಟಿದ ಮೊಮ್ಮಗನಿಗೆ ಇವತ್ತಿಗೆ ಹನ್ನೆರಡು ದಿನ. ಅಕ್ಕಂಗೆ ಚುಚ್ಚಿಸಿದೀವಲ್ಲ, ತಮ್ಮನೂ ಬಚಾವು. ನೀನೇ ಹೇಳ್ತಿದ್ದೆಯಲ್ಲ."

ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. "ಅಣ್ಣ, ಅವಳಿಗೆ ಚುಚ್ಚಿದ್ದು ಕೆಟ್ಟುಹೋದ ಔಷಧ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಚುಚ್ಚಿದೆ."

ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಅವಳು ಅಕ್ಕನ ಮನೆಯಿಂದ ಹಿಡಿದು ಎರಡು ಪೆನ್ನಿನವರೆಗೆ ಎಲ್ಲವನ್ನೂ ಹೇಳಿದಳು.

"ಎಷ್ಟು ಮಕ್ಕಳು?"

"ಹದಿನೇಳು."

"ಸಾಹೇಬರಿಗೆ ಹೇಳಿದ್ಯಾ?"

"ಇಲ್ಲ. ಈಗಷ್ಟೇ ಹೊಗಳಿಸಿಕೊಂಡು ಬಂದೆ."

ಅವನು ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅಷ್ಟು ಸಲ ಬೈದ್ರೂ ಬಂದೆ ನೀನು," ಎಂದ ಅವನು, ಕೀಲಿಗಳ ಕಡೆ ನೋಡುತ್ತ. "ಇಷ್ಟು ಓಡಾಡೋಳು ಸುಳ್ಳು ಹೇಳ್ತಾಳಾ ಅಂದ್ಕೊಂಡೆ. ಔಷಧ ನಂಬಿ ಬಂದೋನಲ್ಲ ನಾನು."

ಆಮೇಲೆ ಎದ್ದು ಗೂಡಿನ ಬಾಗಿಲು ಎಳೆದ. "ನಡಿ. ನನ್ನ ಹತ್ರ ಹೇಳಿದ್ರೆ ಏನು ಬಂತು? ಔಷಧ ಇರೋದು ಅವರ ಹತ್ರ."

ದಾರಿಯುದ್ದಕ್ಕೂ ಅವನು ಎರಡು ಹೆಜ್ಜೆ ಮುಂದೆಯೇ ನಡೆದ. ಅವಳು ಹೇಳುವಷ್ಟೂ ಹೊತ್ತು ಸಾಹೇಬರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಕೊನೆಗೆ ಅವರೇ ಎದ್ದು ಗೋಡೆಯ ಚಾರ್ಟನ್ನು ಕಿತ್ತು ಮೇಜಿನ ಖಾನೆಯಲ್ಲಿಟ್ಟರು. ಹಳಿಯ ಆಚೆಗೆ ಹೊರಟಿದ್ದ ಡೋಸುಗಳಲ್ಲಿ ಹದಿನೇಳು ವಾಪಸು ಬಂದವು. ಅಂದರೆ ಆಚೆಯ ಹದಿನೇಳು ಮಕ್ಕಳು ಇನ್ನೊಂದು ತಿಂಗಳು ಕಾಯಬೇಕು. ಅದನ್ನು ಸಾಹೇಬರು ಹೇಳಲಿಲ್ಲ, ಅವಳೇ ಲೆಕ್ಕ ಹಾಕಿಕೊಂಡಳು.

ಹದಿನೇಳು ಮನೆಗೂ ಅವಳೇ ಹೋಗಿ ಹೇಳಿಬಂದಳು. ಯಾರೂ ಕುರ್ಚಿ ಎಳೆಯಲಿಲ್ಲ. ಒಂದು ಮನೆಯಲ್ಲಿ ತಾಯಿ ಮಗುವಿನ ತೋಳನ್ನು ಸೆರಗಿನಿಂದ ಮುಚ್ಚಿಕೊಂಡಳು. ಆದರೂ ಮಾರನೆಯ ದಿನ ಹದಿನಾರು ಮಕ್ಕಳು ಬಂದವು. ಹದಿನೇಳನೆಯದು, ಬೇಕರಿಯವನ ಕೂಸು, ಆಗಲೇ ಕೆಮ್ಮುತ್ತಿತ್ತು. ಅದು ಉಳಿಯಿತು. ಆದರೆ ವಾರಗಟ್ಟಲೆ ಅದು ಉಸಿರು ಸಿಗದೆ ಎಳೆಯುವ ಸದ್ದು ಬೀದಿಯ ಈ ತುದಿಗೂ ಕೇಳುತ್ತಿತ್ತು, ಸೂಜಿಯಮ್ಮ ಕಿಟಕಿ ಮುಚ್ಚಿಕೊಳ್ಳಲಿಲ್ಲ.

ಅವಳಿಗೆ ನೋಟೀಸು ಬಂತು, ವಿಚಾರಣೆ ನಡೆಯಿತು, ಕೆಲಸ ಹೋಗಲಿಲ್ಲ. ಆಮೇಲೆ ಬಂದ ಮೊದಲ ರಜೆಯ ಬೆಳಿಗ್ಗೆ ಅವಳು ಕೇಂದ್ರಕ್ಕೆ ಬಂದಾಗ ಮೆಟ್ಟಿಲ ಮೇಲೆ ಬೀಗದಣ್ಣ ಕೂತಿದ್ದ.

"ಯಾಕಣ್ಣ, ಹುಷಾರಿಲ್ವಾ?"

"ಮೊಮ್ಮಗನಿಗೆ ಬರೋ ವಾರ ಒಂದೂವರೆ ತಿಂಗಳು ತುಂಬುತ್ತೆ," ಎಂದ. "ಬಾಗಿಲು ತೆಗಿ."

ಅವನು ಅವಳಿಗಿಂತ ಮೊದಲು ಫ್ರಿಜ್ಜಿನ ಮುಂದೆ ಬಗ್ಗಿ, ಸಣ್ಣ ಬೀಗದ ಒಳಗನ್ನು ನೋಡುವಾಗಿನಂತೆ ಒಂದು ಕಣ್ಣು ಕಿರಿದು ಮಾಡಿ ಮುಳ್ಳನ್ನು ನೋಡಿದ.

"ನಾಲ್ಕು," ಎಂದ. "ಬರಿ."

ಅವಳು ಬರೆದಳು. ಅವನು ಹೊರಡುತ್ತಾನೆಂದುಕೊಂಡಳು. ಅವನು ಅಲ್ಲೇ ನಿಂತು, ಅವಳು ಬರೆದದ್ದನ್ನೂ ಒಮ್ಮೆ ಬಗ್ಗಿ ನೋಡಿದ. "ಸಂಜೆ ಎಷ್ಟೊತ್ತಿಗೆ ಬರ್ತೀಯ?" ಎಂದು ಕೇಳಿದ.